ಕೇದಾರ ಕಂಡ ಅವ್ವ ಪಾಪನಾಶಕ್ಕೆ ನಡಿ ಅಂದಳು

ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಪ್ರತಿ ದೀಪಾವಳಿಗೆ ಬೀದರಿಗೆ ಹೋಗುತ್ತೇವೆ. ಈ ಸಲ ಮಗ ತನ್ನ ವಿಆರ್ ಹೆಡ್‌ಸೆಟ್ಟನ್ನೂ ಬ್ಯಾಗಿಗೆ ಹಾಕಿಕೊಂಡ. ಕಣ್ಣಿಗೆ ಕಟ್ಟಿಕೊಂಡರೆ ಬೇರೆಯೇ ಜಾಗದೊಳಗೆ ನಿಂತಂತೆ ತೋರಿಸುವ ಯಂತ್ರ ಅದು. ನನಗೆ ಇಷ್ಟ ಇರಲಿಲ್ಲ. ಇಲ್ಲಿ ಫ್ಲ್ಯಾಟಿನಲ್ಲಿ ಅದನ್ನು ಕಣ್ಣಿಗೆ ಏರಿಸಿದ ಅಂದರೆ ಊಟಕ್ಕೆ ಕರೆದರೂ ಕೇಳಿಸುವುದಿಲ್ಲ. ಪಕ್ಕದ ಮನೆ ಹುಡುಗನ ಜೊತೆಗೇ ಆಡುತ್ತಾನೆ, ಆದರೆ ಅವನು ಅವನ ರೂಮಿನಲ್ಲಿ, ಇವನು ಇವನ ರೂಮಿನಲ್ಲಿ, ನಡುವೆ ಒಂದೇ ಒಂದು ಗೋಡೆ.

ಬೀದರಿನಲ್ಲಿ ಅದೇ ಹೆಡ್‌ಸೆಟ್ ಪಡಸಾಲೆಗೆ ಬಂತು. ಓಣಿಯ ಏಳೆಂಟು ಮಕ್ಕಳು ಸರದಿ ಹಿಡಿದು ಕೂತರು. ಒಬ್ಬ ಹಾಕಿಕೊಂಡರೆ ಉಳಿದವರು ಅವನು ಗೋಡೆಗೆ ಬಡಿಯದಂತೆ ಹಿಡಿಯುವುದು, ನಗುವುದು, ಕೂಗುವುದು. ಕೊನೆಗೆ ಮಗ ತನ್ನ ಆಯಿಗೆ, ಅಂದರೆ ನನ್ನ ಅವ್ವನಿಗೆ, ಕೇದಾರನಾಥದ 360 ಡಿಗ್ರಿ ವಿಡಿಯೋ ಹಾಕಿಕೊಟ್ಟ. ಅವ್ವನ ಮೊಣಕಾಲು ಸೋತು ಆರು ವರ್ಷ. ಗೌರಿಕುಂಡದಿಂದ ಸುಮಾರು 16 ಕಿಲೋಮೀಟರ್ ಹತ್ತುವ ಮಾತೇ ಇಲ್ಲ. ಗುಡಿ ಮುಂದಿನ ನಂದಿ ಕಂಡದ್ದೇ ತಡ, ಹೆಡ್‌ಸೆಟ್ಟಿನ ಪಟ್ಟಿ ಮೇಲೆಯೇ ಸೆರಗು ಎಳೆದುಕೊಂಡಳು. ಮುಟ್ಟಲು ಕೈ ಚಾಚಿದಳು. ಕೈ ಮಂಚದ ಕಟ್ಟಿಗೆಗೆ ತಾಗಿತು. ತೆಗೆದಾಗ ಕಣ್ಣು ಒದ್ದೆ.

"ಥಂಡಿನೇ ಹತ್ತಲಿಲ್ಲ ನೋಡು ಯಪ್ಪಾ" ಅಂದಳು. ಮರುದಿನ ಬೆಳಿಗ್ಗೆ "ಕೇದಾರ ಆಯ್ತು, ಇನ್ನ ಪಾಪನಾಶಕ್ಕ ಕರ್ಕೊಂಡು ನಡಿ" ಅಂದಳು. ಊರಲ್ಲೇ ಇರುವ ಗುಡಿ. ಅಲ್ಲಿಗೆ ಅವಳನ್ನು ಕರೆದೊಯ್ದು ಮೂರು ವರ್ಷ ಆಗಿತ್ತು. ಆಟೋದಲ್ಲಿ ಹೋಗಿ ಬಂದೆವು.

ಆವತ್ತಿನಿಂದ ನನಗೆ ಅನಿಸುವುದು ಇಷ್ಟೇ. ಈ ಯಂತ್ರ ಕೈಗೆ ಎಟುಕದ್ದನ್ನು ತೋರಿಸಲಿ, ಎಟುಕುವುದರ ಜಾಗದಲ್ಲಿ ಬಂದು ಕೂರಬಾರದು.

ಎಟುಕದ್ದು ಬಹಳ ಇದೆ. ನಮ್ಮ ಬೀದರಿನ ಮಹಮೂದ್ ಗವಾನ್ ಮದರಸಾವನ್ನೇ ನೋಡಿ. 1472ರಲ್ಲಿ ಕಟ್ಟಿದ್ದು, 1696ರ ಸಿಡಿಮದ್ದಿನ ಸ್ಫೋಟದಲ್ಲಿ ಒಂದು ಭಾಗವೇ ಹಾರಿಹೋಯಿತು. ಮುಂದಿನ ಎರಡು ಮಿನಾರುಗಳಲ್ಲಿ ಒಂದೇ ಉಳಿದಿದೆ, ಬಣ್ಣದ ಹೆಂಚು ಅಲ್ಲಲ್ಲಿ ಮಾತ್ರ. ಅದೇ ಅಂಗಳದಲ್ಲಿ ನಿಂತು, ಹೆಡ್‌ಸೆಟ್ಟಿನಲ್ಲಿ ಎರಡೂ ಮಿನಾರು ಎದ್ದು ನಿಂತದ್ದನ್ನು ಶಾಲೆ ಮಕ್ಕಳು ನೋಡಿದರೆ ಎಷ್ಟು ಚಂದ ಅಲ್ವಾ? ಅಮೆರಿಕದ ಸಿಯಾಟಲ್‌ನಲ್ಲಿ 1990ರ ದಶಕದಿಂದಲೇ ಸುಟ್ಟ ಗಾಯದವರಿಗೆ ಡ್ರೆಸ್ಸಿಂಗ್ ಮಾಡುವಾಗ ವಿಆರ್ ತೋರಿಸಿ ನೋಡಿದ್ದಾರೆ, ಹಿಮದ ಉಂಡೆ ಎಸೆಯುವ ಆಟ. ಮನಸ್ಸು ಅತ್ತ ಹೋದರೆ ನೋವು ಕಡಿಮೆ ಅನಿಸುತ್ತದೆ. ಕಲಬುರಗಿಯ ಆಸ್ಪತ್ರೆಗಳಿಗೂ ಇದು ಬರಬೇಕು ಅಂತ ನನ್ನ ಆಸೆ.

ಆದರೆ ಮಕ್ಕಳ ವಿಷಯದಲ್ಲಿ ನನಗೆ ಭಯ ಜಾಸ್ತಿ. ಕಣ್ಣು ಓಡುತ್ತಿದ್ದೇನೆ ಅನ್ನುತ್ತದೆ, ಒಳಗಿವಿ ಕೂತಿದ್ದೇನೆ ಅನ್ನುತ್ತದೆ, ಅದಕ್ಕೇ ತಲೆ ತಿರುಗಿ ಓಕರಿಕೆ ಬರುವುದು. ಅದು ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಹೋಗದೇ ಇರುವುದು ಬೇರೆ. ತಲೆ ಎತ್ತ ತಿರುಗಿತು, ಕೈ ಹೇಗೆ ಆಡಿತು, ಕೆಲವು ಹೆಡ್‌ಸೆಟ್ಟುಗಳಲ್ಲಿ ಕಣ್ಣು ಯಾವುದರ ಮೇಲೆ ನಿಂತಿತು ಅನ್ನುವುದನ್ನೂ ಯಂತ್ರ ಅಳೆಯುತ್ತದೆ. ಆ ಲೆಕ್ಕ ಕಂಪನಿಯ ಕೈಯಲ್ಲಿ ಉಳಿದುಬಿಡಬಹುದು. ಹೀಗಿರುವಾಗ ಫೇಸ್‌ಬುಕ್ ನಡೆಸುವ, ಇಂಥ ಹೆಡ್‌ಸೆಟ್ಟನ್ನೂ ಮಾರುವ ಮೆಟಾ ಕಂಪನಿ 2023ರಲ್ಲಿ ಅದನ್ನು ಬಳಸುವ ವಯಸ್ಸಿನ ಮಿತಿಯನ್ನು 13ರಿಂದ 10ಕ್ಕೆ ಇಳಿಸಿತು. ನನಗೆ ಅದು ಸ್ವಲ್ಪವೂ ಸರಿ ಕಾಣಲಿಲ್ಲ.

ಹೊರಡುವ ಹಿಂದಿನ ದಿನ ಮಗನನ್ನು ಚೌಬಾರದ ಹತ್ತಿರ ಬಿದರಿ ಕೆಲಸ ನೋಡಲು ಕರೆದೊಯ್ದೆ. ಸತು, ತಾಮ್ರದ ಪಾತ್ರೆಯನ್ನು ಕಪ್ಪು ಮಾಡಲು ಕೋಟೆಯ ಹಳೆ ಮಣ್ಣು ಬೇಕು. ಮಣ್ಣು ಸರಿ ಇದೆಯೋ ಇಲ್ಲವೋ ಅಂತ ನಾಲಿಗೆಗೆ ಹಚ್ಚಿ ನೋಡುತ್ತಾರೆ. ಉಸ್ತಾದರು ಒಂದು ಚಿಟಿಕೆ ಅವನ ಅಂಗೈಗೂ ಹಾಕಿದರು. ಮುಖ ಕಿವುಚಿದ, ಆದರೂ ಇನ್ನೊಮ್ಮೆ ನೆಕ್ಕಿದ.

ಈಗ ಪುಣೆಯಲ್ಲಿ ಹೆಡ್‌ಸೆಟ್ ರೂಮಿನಲ್ಲಿ ಇಲ್ಲ, ಹಾಲ್‌ನಲ್ಲಿ ಟಿವಿ ಪಕ್ಕ ಇದೆ. ಮೊದಲ ವಾರ ಜಗಳ ಆಯ್ತು. ಈಗ ಪಕ್ಕದ ಮನೆ ಹುಡುಗ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೇ ಬರುತ್ತಾನೆ.