ಬೋಳು ಬ್ಯಾಗಿನ ಬೆನ್ನುಹತ್ತಿ

ಸಭೆಯೊಂದು ಮುಗಿದು ಎಲ್ಲರೂ ಎದ್ದು ನಿಂತಾಗ, ನನ್ನ ಪಕ್ಕದಲ್ಲಿ ಕುಳಿತಿದ್ದ ಅಪರಿಚಿತ ಮಹಿಳೆಯೊಬ್ಬರು ತಮ್ಮ ತಿಳಿಬಣ್ಣದ ತೋಳನ್ನು ಎರಡು ಬಾರಿ ಕೊಡವಿಕೊಂಡು, ನನ್ನ ಹೆಗಲ ಕಡೆಗೊಮ್ಮೆ ನೋಡಿ, ಏನನ್ನೂ ಹೇಳದೆ ಹೊರಟುಹೋದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಾನೂ ಹೆಗಲು ಮುಟ್ಟಿ ನೋಡಿಕೊಂಡೆ. ಬೆರಳಿಗೆ ಕಪ್ಪು ಹೊಟ್ಟು ಅಂಟಿತು. ಕುರ್ಚಿಯ ಮೇಲೂ ಇತ್ತು, ನೆಲದ ಮೇಲೂ ಇತ್ತು, ನಾನು ಒಳಗೆ ಬಂದ ದಾರಿಯುದ್ದಕ್ಕೂ ಇತ್ತು. ಜೊತೆಗಿದ್ದ ಅಣ್ಣನ ಮಗಳು, “ಅತ್ತೆ, ನಿಮ್ಮ ಬ್ಯಾಗು ಪೊರೆ ಬಿಡುತ್ತಿದೆ” ಎಂದು ಮೆಲ್ಲಗೆ ಹೇಳಿದಳು. ಹೋಲಿಕೆ ಚೆನ್ನಾಗಿತ್ತು, ಪೂರ್ತಿ ಸರಿಯಾಗಿರಲಿಲ್ಲ. ಹಾವು ಪೊರೆ ಬಿಟ್ಟರೆ ಅದರ ಕೆಳಗೆ ಹೊಳೆಯುವ ಹೊಸ ಚರ್ಮವಿರುತ್ತದೆ. ನನ್ನ ಬ್ಯಾಗಿನ ಪೊರೆಯ ಕೆಳಗೆ ಬೂದುಬಣ್ಣದ ಬಟ್ಟೆ ಇತ್ತು.

ಅಂದೇ ಒಂದು ನಿರ್ಧಾರಕ್ಕೆ ಬಂದೆ. ಯಾವ ಕುಚ್ಚೂ ಕೊಂಡಿಯೂ ಹೊಳಪೂ ಇಲ್ಲದ, ಹೆಸರು ಕೂಗಿಕೊಳ್ಳದ, ಸುಮ್ಮನೆ ಚರ್ಮವಾಗಿ ಇರುವುದಷ್ಟನ್ನೇ ಬಲ್ಲ ಒಂದು ಬೋಳು ಬ್ಯಾಗನ್ನು ಕೊಳ್ಳಬೇಕು. ಅಂಥವನ್ನು ಮಾಡುವ ದೊಡ್ಡ ಹೆಸರಿನವರು ಇದ್ದಾರೆ, ಅವರ ಬೆಲೆಗಳನ್ನು ನೋಡಿದರೆ ಬ್ಯಾಗು ಕೊಂಡ ಮೇಲೆ ಅದರೊಳಗೆ ಇಡಲು ಏನೂ ಉಳಿಯುವುದಿಲ್ಲ. ಆದ್ದರಿಂದ ಅವುಗಳಂತೆಯೇ ಇದ್ದೂ ಕೈಗೆಟುಕುವಂಥವನ್ನು ಒಂದೊಂದಾಗಿ ಹೋಲಿಸಿ ನೋಡತೊಡಗಿದೆ. ಯಾವುದು ಒಳ್ಳೆಯದೆಂಬ ನನ್ನ ತೀರ್ಮಾನವನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಹೊಟ್ಟಿನ ವಿಷಯ. ನಮ್ಮ ವಯಸ್ಸಿನವರು ಎಲ್ಲವನ್ನೂ ಸೇರಿಸಿ ರೆಕ್ಸಿನ್ ಎಂದುಬಿಡುತ್ತೇವೆ. ನನ್ನದು ಪಾಲಿಯುರೆಥೇನ್, ಎಂದರೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ಕಿನ ತೆಳುಪದರವನ್ನು ಹರಡಿ ಅದರ ಮೇಲೆ ಚರ್ಮದ ಸುಕ್ಕುಗಳನ್ನು ಅಚ್ಚೊತ್ತಿದ್ದು. ಉಜ್ಜುವಿಕೆಯಿಂದ ಮಾತ್ರ ಅದು ಸುಲಿಯುತ್ತದೆಂದು ನಾನು ನಂಬಿದ್ದೆ. ನಿಜಸಂಗತಿ ಇನ್ನೂ ನಿರ್ದಯವಾಗಿದೆ: ಗಾಳಿಯಲ್ಲಿರುವ ತೇವವೇ ಆ ಪದರದ ರಾಸಾಯನಿಕ ಬಂಧಗಳನ್ನು ನಿಧಾನವಾಗಿ ಕಡಿಯುತ್ತಾ ಹೋಗುತ್ತದೆ, ಆದ್ದರಿಂದ ಒಳ್ಳೆಯ ಸಂದರ್ಭಕ್ಕಿರಲಿ ಎಂದು ಕಪಾಟಿನಲ್ಲಿ ಜೋಪಾನವಾಗಿಟ್ಟ ಬ್ಯಾಗು ಒಳ್ಳೆಯ ಸಂದರ್ಭ ಬರುವ ಹೊತ್ತಿಗೆ ಯಾರೂ ಮುಟ್ಟದೆಯೇ ಸುಲಿದುಕೊಂಡು ಕುಳಿತಿರುತ್ತದೆ. ನಿಜವಾದ ಚರ್ಮ ಬಳಸಿದಷ್ಟೂ ಹದಗೊಳ್ಳುತ್ತದೆ. ಇದು ಬಳಸಿದರೂ ಕೆಟ್ಟಿತು, ಬಳಸದಿದ್ದರೂ ಕೆಟ್ಟಿತು. ಇದನ್ನೇ ಈಚೆಗೆ ‘ವೀಗನ್ ಲೆದರ್’ ಎಂಬ ಸಾತ್ವಿಕ ಹೆಸರಿನಲ್ಲಿ ಮಾರುತ್ತಾರೆ. ಪ್ರಾಣಿಯನ್ನು ಕೊಲ್ಲಬಾರದೆಂಬವರ ಬಗ್ಗೆ ನನಗೆ ಗೌರವವಿದೆ, ಪ್ಲಾಸ್ಟಿಕ್ಕನ್ನು ಪ್ಲಾಸ್ಟಿಕ್ ಎಂದು ಕರೆಯಲು ನಾಚುವವರ ಬಗ್ಗೆ ಇಲ್ಲ. ಅನಾನಸಿನ ಎಲೆಯ ನಾರಿನಿಂದ ಮಾಡುವ ಪಿನ್ಯಾಟೆಕ್ಸ್‌ನಂಥವೂ ಇವೆ. ಅವಕ್ಕೂ ಗಟ್ಟಿತನ ಬರಲು ಮೇಲೊಂದು ಲೇಪನ ಬೇಕೇ ಬೇಕು.

ಚೀಟಿಗಳ ಭಾಷೆ ಇನ್ನೊಂದು ತಲೆನೋವು. ‘ಜೆನ್ಯೂಯಿನ್ ಲೆದರ್’ ಎಂಬ ಮುದ್ರೆ ಕಂಡರೆ ನಾವು ಸಮಾಧಾನಗೊಳ್ಳುತ್ತೇವೆ, ಅದು ಕನಿಷ್ಠ ದರ್ಜೆಯ ಚರ್ಮದ ಹೆಸರು ಎಂದು ಬಲ್ಲವರಂತೆ ಹೆದರಿಸುವವರೂ ಇದ್ದಾರೆ. ಎರಡೂ ತಪ್ಪು. ಅದು ಯಾವ ದರ್ಜೆಯ ಹೆಸರೂ ಅಲ್ಲ. ಇದು ಚರ್ಮ ಎಂಬುದಷ್ಟನ್ನೇ ಅದು ಹೇಳುತ್ತದೆ, ತೊಗಲಿನ ಯಾವ ಪದರದಿಂದ ಬಂದದ್ದು ಎಂಬುದನ್ನು ಹೇಳುವುದಿಲ್ಲ. ದಪ್ಪ ತೊಗಲನ್ನು ಯಂತ್ರದಲ್ಲಿ ಸೀಳಿ ಪದರಗಳಾಗಿ ಬಿಡಿಸುತ್ತಾರೆ. ಮೇಲ್ಮೈಯನ್ನು ಉಜ್ಜದೆ ರಂಧ್ರಗಳ ಸಮೇತ ಉಳಿಸಿಕೊಂಡದ್ದು ಫುಲ್ ಗ್ರೇನ್. ಕಲೆಗಳು ಕಾಣದಂತೆ ಉಜ್ಜಿ, ಬಣ್ಣ ಬಳಿದು, ಅಚ್ಚೊತ್ತಿದ್ದು ಕರೆಕ್ಟೆಡ್ ಗ್ರೇನ್. ಅಡಿಯಲ್ಲಿ ಉಳಿದ ನಾರುಪದರ ಸ್ಪ್ಲಿಟ್. ಚೂರುಪಾರುಗಳನ್ನು ಪುಡಿಮಾಡಿ ಅಂಟಿನಲ್ಲಿ ಕಲಸಿ ಹಾಳೆಯಾಗಿಸಿದ್ದಕ್ಕೂ ಬಾಂಡೆಡ್ ಲೆದರ್ ಎಂಬ ಗೌರವದ ಹೆಸರಿದೆ. ಮೇಲೆ ತಳುಕು ಒಳಗೆ ಹುಳುಕು ಎಂದು ಹಿರಿಯರು ಅಂದದ್ದಕ್ಕೆ ಇಂದಿನವರು ಇಷ್ಟು ಚೆಂದದ ಹೆಸರನ್ನು ಕಂಡುಹಿಡಿದಿದ್ದಾರೆ.

ಬೋಳಾಗಿರುವುದಕ್ಕೆ ಅಷ್ಟೊಂದು ಬೆಲೆ ಏಕೆ ಎಂಬುದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಏನೂ ಇಲ್ಲದ್ದಕ್ಕೆ ಏನು ಖರ್ಚು? ಆದರೆ ದನದ ಮೈಮೇಲೆ ಅದರ ಇಡೀ ಜೀವನ ಬರೆದಿರುತ್ತದೆ: ಉಣ್ಣೆಹುಳು ಕಚ್ಚಿದ ಗುರುತು, ಮುಳ್ಳುತಂತಿ ಗೀರಿದ ಗೆರೆ, ಹೊಟ್ಟೆಯ ಕಡೆಯ ಸಡಿಲ, ಕತ್ತಿನ ಮಡಿಕೆ. ಬ್ಯಾಗಿನ ತುಂಬ ಜೇಬು, ಪಟ್ಟಿ, ಮಡಿಕೆಗಳಿದ್ದರೆ ಸಣ್ಣ ತುಂಡುಗಳನ್ನು ಕಲೆಯ ಅಕ್ಕಪಕ್ಕದಿಂದ ಕತ್ತರಿಸಿಕೊಳ್ಳಬಹುದು. ಒಂದೇ ಅಗಲವಾದ ನುಣುಪು ಮುಖ ಬೇಕೆಂದರೆ ಅಷ್ಟಗಲದ ನಿಷ್ಕಳಂಕ ಜಾಗ ಇಡೀ ತೊಗಲಿನಲ್ಲಿ ಎಲ್ಲೋ ಒಂದೆರಡು ಕಡೆ ಸಿಗುತ್ತದೆ. ಇನ್ನು ಅಂಚು. ಒಳ್ಳೆಯ ಕೆಲಸಗಾರ ಅಂಚನ್ನು ಉಜ್ಜಿ, ಬಣ್ಣ ಹಚ್ಚಿ, ಒಣಗಿಸಿ, ಮತ್ತೆ ಉಜ್ಜಿ, ಮತ್ತೆ ಹಚ್ಚುತ್ತಾನೆ. ಅವಸರದವನು ದಪ್ಪಗೆ ಒಂದೇ ಸಲ ಬಳಿದು ಮುಗಿಸುತ್ತಾನೆ, ಅದು ಹಿಡಿ ಬಾಗುವ ಕಡೆ ಬಿರಿದು ರಬ್ಬರಿನ ದಾರದಂತೆ ಕಿತ್ತುಬರುತ್ತದೆ. ಹೊಲಿಗೆ ಸೊಟ್ಟಗಾದರೆ ಮುಚ್ಚಲು ಕುಚ್ಚಿಲ್ಲ. ಅಲಂಕಾರವೆಂಬುದು ಬಹುಮಟ್ಟಿಗೆ ತಪ್ಪು ಮುಚ್ಚುವ ಉಪಾಯ. ಸಾದಾ ಬ್ಯಾಗಿಗೆ ಆ ಸೌಲಭ್ಯವಿಲ್ಲ.

2008ರಲ್ಲಿ ಸೆಲೀನ್ ಎಂಬ ಫ್ರಾನ್ಸಿನ ಫ್ಯಾಷನ್ ಸಂಸ್ಥೆಯ ವಿನ್ಯಾಸದ ಹೊಣೆ ಹೊತ್ತ ಫೀಬಿ ಫೈಲೊ, 2006ರಲ್ಲಿ ‘ದ ರೋ’ ಎಂಬ ಫ್ಯಾಷನ್ ಸಂಸ್ಥೆಯನ್ನು ಆರಂಭಿಸಿದ ಓಲ್ಸನ್ ಸಹೋದರಿಯರು, ಇವರೆಲ್ಲ ಸೇರಿ ಈ ಬೋಳುತನವನ್ನು ಒಂದು ವ್ರತದ ಮಟ್ಟಕ್ಕೆ ಏರಿಸಿದರು. 2012ರಲ್ಲಿ ಶುರುವಾದ ಬ್ಯಾಗು ಸಂಸ್ಥೆ ಮಾನ್ಸೂರ್ ಗವ್ರಿಯೆಲ್‌ನವರು, ಮರದ ತೊಗಟೆಯ ಸಾರದಲ್ಲಿ ಹದ ಮಾಡಿದ ಚರ್ಮದಿಂದ ಬಕೀಟಿನಾಕಾರದ ಸಾದಾ ಬ್ಯಾಗು ಮಾಡಿ ಹೆಸರಾದರು. (ತೊಗಟೆಯಿಂದ ತೊಗಲು ಹದವಾಗುತ್ತದೆಂಬುದನ್ನು ಬರೆಯುವಾಗ ಈ ಎರಡು ಪದಗಳ ನಂಟು ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ.) ಅವರಿಗಿಂತ ಬಹಳ ಮೊದಲೇ ಇಟಲಿಯ ಬೊಟ್ಟೆಗಾ ವೆನೆಟಾ ಸಂಸ್ಥೆಯವರು, ನಿಮ್ಮ ಸ್ವಂತ ಹೆಸರಿನ ಮೊದಲಕ್ಷರಗಳೇ ಸಾಕಾಗಿರುವಾಗ ನಮ್ಮದೇಕೆ ಎಂಬ ಅರ್ಥದ ಘೋಷಣೆಯೊಂದಿಗೆ ಮಾರಾಟ ಮಾಡುತ್ತಿದ್ದರು.

ಅಕ್ಷರದ ಮಾತು ಬಂತಲ್ಲ, ನನ್ನ ಕಂದುಬಣ್ಣದ ಬ್ಯಾಗಿನ ವಿಷಯ ಹೇಳಲೇಬೇಕು. ಹೊಸದನ್ನು ಹುಡುಕಿ ಹುಡುಕಿ ಬೇಸತ್ತ ಒಂದು ಸಂಜೆ, ಅಟ್ಟದ ಮೇಲೆ ಹಳೆಯ ಚರ್ಮದ ಬ್ಯಾಗೊಂದು ಇರುವುದು ನೆನಪಾಯಿತು. ಮೂರು ವರ್ಷ ಬಿಸಿಲಿನಲ್ಲಿ ತಿರುಗಿದ್ದರೂ ಗಟ್ಟಿಮುಟ್ಟಾಗಿತ್ತು, ಆಕಾರ ಸರಳವಾಗಿತ್ತು. ಮುಂಭಾಗದಲ್ಲಿದ್ದ ಚಿನ್ನದ ಬಣ್ಣದ ದೊಡ್ಡ ಲೋಹದ ಅಕ್ಷರವೊಂದೇ ಅದರ ದೋಷ. ಆ ಅಕ್ಷರ ನನ್ನ ಹೆಸರಿನದಲ್ಲ, ನಮ್ಮ ಮನೆಯ ಯಾರ ಹೆಸರಿನದೂ ಅಲ್ಲ. ಹಾಗಿದ್ದೂ ಅದನ್ನು ಮೂರು ವರ್ಷ ಎದೆಗವಚಿಕೊಂಡು ಊರೆಲ್ಲ ಮೆರೆಸಿದ್ದೆ, ಅದಕ್ಕೆ ಪ್ರತಿಯಾಗಿ ಆ ಸಂಸ್ಥೆಯಿಂದ ಒಂದು ಕೃತಜ್ಞತೆಯ ಮಾತೂ ಬಂದಿರಲಿಲ್ಲ. ಈ ಒಂದು ಅಕ್ಷರವನ್ನು ಕಿತ್ತರೆ ಉಳಿಯುವುದೇ ನಾನು ಹುಡುಕುತ್ತಿರುವ ಬ್ಯಾಗಲ್ಲವೇ ಎಂದು ಹೊಳೆದಾಗ ಆದ ಸಂತೋಷವನ್ನು ವರ್ಣಿಸಲಾರೆ. ಎಲ್ಲಕ್ಕಿಂತ ಅಗ್ಗದ ಪರ್ಯಾಯವೆಂದರೆ ಇದೇ. ಬೇಕಾದದ್ದು ಒಂದು ಇಕ್ಕಳ, ಅರ್ಧ ಗಂಟೆ.

ಹೊರಗಿನಿಂದ ಎಳೆದೆ, ಅಲ್ಲಾಡಲಿಲ್ಲ. ಅದರ ಬೇರುಗಳು ಒಳಗಿದ್ದವು. ಅಕ್ಷರದ ಬೆನ್ನಿಗೆ ಎರಡು ಲೋಹದ ಕಾಲುಗಳಿರುತ್ತವೆ, ಅವನ್ನು ಚರ್ಮದೊಳಗೆ ತೂರಿಸಿ ಹಿಂಬದಿಯಲ್ಲಿ ಬಿಲ್ಲೆಯೊಂದರ ಮೇಲೆ ಮಡಚಿರುತ್ತಾರೆ. ಅಲ್ಲಿಗೆ ತಲುಪಬೇಕಾದರೆ ಒಳಗಿನ ಅಸ್ತರಿಯನ್ನು ಬಿಚ್ಚಬೇಕು. ಒಳಜೇಬಿನ ಅಡಿಯ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿ, ಶಸ್ತ್ರಚಿಕಿತ್ಸಕಿಯ ಗಾಂಭೀರ್ಯದಿಂದ ಕೈಯನ್ನು ಒಳಗೆ ತೂರಿಸಿದೆ. ಅಲ್ಲಿ ರಟ್ಟು ಸಿಕ್ಕಿತು. ನಾನು ಗಟ್ಟಿ ಚರ್ಮವೆಂದು ಇಷ್ಟು ವರ್ಷ ಹೆಮ್ಮೆಪಟ್ಟದ್ದು ಅರ್ಧ ಚರ್ಮ, ಅರ್ಧ ರಟ್ಟು. ರಟ್ಟನ್ನು ಹರಿದು, ಕಾಲುಗಳನ್ನು ನೆಟ್ಟಗೆ ಮಾಡಿ, ಒಂದು ಕಾಲು ಮುರಿದು, ನನ್ನ ಹೆಬ್ಬೆರಳನ್ನೂ ಒಂದಿಷ್ಟು ಕೊಯ್ದುಕೊಂಡು, ಕಡೆಗೆ ಅಕ್ಷರವನ್ನು ಕಿತ್ತು ಮೇಜಿನ ಮೇಲೆ ಇಟ್ಟೆ.

ಬ್ಯಾಗನ್ನು ತಿರುಗಿಸಿ ನೋಡಿದರೆ ಅಕ್ಷರ ಅಲ್ಲೇ ಇತ್ತು. ಮೂರು ವರ್ಷದ ಬಿಸಿಲಿಗೆ ಉಳಿದ ಚರ್ಮವೆಲ್ಲ ಮಾಸಿ, ಲೋಹದ ಅಡಿಯಲ್ಲಿ ತಣ್ಣಗೆ ಮಲಗಿದ್ದ ಭಾಗ ಮಾತ್ರ ಮೊದಲಿನ ಗಾಢಬಣ್ಣದಲ್ಲೇ ಉಳಿದು, ಆ ಅಕ್ಷರ ಮೊದಲಿಗಿಂತ ಸ್ಪಷ್ಟವಾಗಿ ಓದಿಸಿಕೊಳ್ಳುತ್ತಿತ್ತು, ಜೊತೆಗೆ ಎರಡು ಸೀಳುಗಳು ಬೇರೆ. ಬೂಟಿನ ಪಾಲಿಶ್ ಹಚ್ಚಿದೆ. ಮಾಸಿದ ಕಡೆ ಕಪ್ಪಾಯಿತು, ಗಾಢವಿದ್ದ ಕಡೆ ಇನ್ನೂ ಕಪ್ಪಾಯಿತು. ಸೀಳುಗಳನ್ನು ಮುಚ್ಚಲು ಎರಡು ಸಾದಾ ಗುಂಡಿಗಳನ್ನು ಹೊಲಿದೆ. ಆಗ ಬ್ಯಾಗಿಗೆ ಕಣ್ಣುಗಳು ಬಂದವು. ಕೆಳಗಿನ ಅಡ್ಡ ಜಿಪ್ಪು ಬಾಯಿಯಾಯಿತು. ಅದು ಮೇಜಿನ ಮೇಲಿಂದ ನನ್ನನ್ನೇ, ತುಸು ನೊಂದ ಭಾವದಿಂದ, ನೋಡತೊಡಗಿತು. ಗುಂಡಿಗಳನ್ನು ಕಿತ್ತೆ. ಬಟ್ಟೆಯಲ್ಲಿ ಸೂಜಿಯ ತೂತು ಎಳೆಗಳು ಸರಿದು ಮುಚ್ಚಿಕೊಳ್ಳುತ್ತದೆ, ಚರ್ಮದಲ್ಲಿ ಎಂದೆಂದಿಗೂ ಮುಚ್ಚುವುದಿಲ್ಲ ಎಂಬ ಸಂಗತಿ ಆಗ ಗೊತ್ತಾಯಿತು. ಎರಡು ಸೀಳುಗಳ ಸುತ್ತ ಈಗ ಎಂಟು ತೂತುಗಳಿದ್ದವು. ಎಲ್ಲವನ್ನೂ ಒಟ್ಟಿಗೆ ಮುಚ್ಚಲು ಹಳೆಯ ಬೆಲ್ಟೊಂದನ್ನು ಕತ್ತರಿಸಿ, ದಬ್ಬಣ ಹಿಡಿದು, ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ ಎದುರುಬದುರಾಗಿ ಹೊಲಿಯುವ ಕುದುರೆಯ ಜೀನಿನ ಹೊಲಿಗೆಯನ್ನೇ ಹಾಕಿದೆ, ಏಕೆಂದರೆ ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ದಾರ ತುಂಡಾದರೆ ಉಳಿದದ್ದೂ ಸಡಿಲಗೊಳ್ಳುತ್ತದೆ, ಇದರಲ್ಲಿ ಹಾಗಾಗುವುದಿಲ್ಲ ಎಂದು ಓದಿದ್ದೆ. ಆ ಮಾತು ನಿಜ. ಆ ತೇಪೆಯನ್ನು ಈಗ ಬ್ರಹ್ಮನಿಂದಲೂ ಬಿಚ್ಚಲಾಗದು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಅಣ್ಣನ ಮಗಳು ಬಂದವಳು ಅದನ್ನು ಎತ್ತಿ, ತಿರುಗಿಸಿ ನೋಡಿ, “ಚೆನ್ನಾಗಿದೆ ಅತ್ತೆ, ಆದರೆ ನಿಮಗೆ ಇಷ್ಟು ಅಲಂಕಾರ ಹಿಡಿಸುವುದಿಲ್ಲ ಅಂದುಕೊಂಡಿದ್ದೆ” ಎಂದಳು.

ಅವಳ ಬಳಿಯೂ ಸಲಹೆಗಳಿದ್ದವು. ನೈಲಾನಿನ ಬ್ಯಾಗು ಕೊಳ್ಳಿ ಎಂದಳು. ಲಾಂಗ್‌ಶಾಂಪ್‌ನವರು 1993ರಲ್ಲಿ ತಂದ, ಜಪಾನಿನ ಕಾಗದ ಮಡಿಕೆಯ ಕಲೆಯಿಂದ ಪ್ರೇರಣೆ ಪಡೆದ ‘ಲೆ ಪ್ಲಿಯಾಜ್’ ಎಂಬ ಬ್ಯಾಗು ಮಡಚಿದರೆ ಪುಸ್ತಕದಷ್ಟಾಗುತ್ತದೆ, ಹಗುರ, ಮುಚ್ಚಳ ಮತ್ತು ಹಿಡಿ ಮಾತ್ರ ಚರ್ಮದವು. ಒಪ್ಪಿದೆ, ಆದರೆ ಅದರ ನಾಲ್ಕು ಮೂಲೆಗಳು ಉಜ್ಜಿ ತೂತಾಗುವುದನ್ನು ನಾನು ಬೇರೆಯವರ ಕೈಯಲ್ಲಿ ನೋಡಿದ್ದೇನೆ. ಕ್ಯಾನ್ವಾಸ್ ಚೀಲವೆಂದಳು; ಅದು ಒಳ್ಳೆಯದೇ, ಆದರೆ ಅದನ್ನು ಹೆಗಲಿಗೇರಿಸಿದ ಕೂಡಲೇ ನಾನು ಕವಿಗೋಷ್ಠಿಗೆ ಹೊರಟಂತೆ ಕಾಣುತ್ತೇನೆ. ಇನ್ನೊಬ್ಬರು ಬಳಸಿ ಮಾರಿದ ಒಳ್ಳೆಯ ಚರ್ಮದ್ದು ಎಂದಳು. ಕೊಟ್ಟ ಹಣಕ್ಕೆ ಅತ್ಯುತ್ತಮ ಚರ್ಮ ಸಿಗುವುದು ಅಲ್ಲೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಅಂಚು, ಹಿಡಿಯ ಬುಡ, ಜಿಪ್ಪು ಈ ಮೂರನ್ನು ನೋಡಿದರೆ ಬ್ಯಾಗಿನ ಆಯುಸ್ಸು ತಿಳಿದುಬಿಡುತ್ತದೆ. ಆದರೆ ಪರರ ಸುಗಂಧದ್ರವ್ಯದ ವಾಸನೆಯೊಂದಿಗೆ ಬದುಕಲು ನನಗೆ ಬಾರದು. ಹೆಸರಿಲ್ಲದ ಸಣ್ಣ ಕೆಲಸಗಾರರ ಬಳಿ ಹೇಳಿ ಮಾಡಿಸಿಕೊಳ್ಳಿ ಎಂದಳು. ನಾನು ಆಗಲೇ ಒಮ್ಮೆ ಮಾಡಿಸಿದ್ದೆ. ಬರಿಯ ಬೋಳು ಬ್ಯಾಗು ಬೇಕೆಂದು ಮೂರು ಸಲ ಹೇಳಿದರೂ, ಆ ಪುಣ್ಯಾತ್ಮರು ತೀರಾ ಖಾಲಿ ಕಾಣುತ್ತದೆಂದು ಮರುಗಿ, ಹಣ ತೆಗೆದುಕೊಳ್ಳದೆ, ಒಂದು ಹೂವನ್ನು ಕೊರೆದು ಕೊಟ್ಟಿದ್ದರು.

“ಹಾಗಾದರೆ ಬೆತ್ತದ ಬುಟ್ಟಿ ಹಿಡಿದುಕೊಂಡು ಓಡಾಡಿ” ಎಂದು ಅವಳು ರೇಗಿದಳು. ಅವಳಿಗೆ ಗೊತ್ತಿಲ್ಲದೆ ದೊಡ್ಡ ಮಾತನ್ನೇ ಆಡಿದ್ದಳು. ನಟಿ, ಗಾಯಕಿ ಜೇನ್ ಬರ್ಕಿನ್ ವರ್ಷಾನುಗಟ್ಟಲೆ ಹಿಡಿದು ತಿರುಗಿದ್ದು ಅಂಥ ಬುಟ್ಟಿಯನ್ನೇ. ವಿಮಾನದಲ್ಲಿ ಅವರ ಸಾಮಾನೆಲ್ಲ ಚೆಲ್ಲಿ, ಪಕ್ಕದಲ್ಲಿದ್ದ, ದುಬಾರಿ ಬ್ಯಾಗುಗಳಿಗೆ ಹೆಸರಾದ ಫ್ರಾನ್ಸಿನ ಎರ್ಮೆಸ್ ಸಂಸ್ಥೆಯ ಮುಖ್ಯಸ್ಥ ಜ್ಯಾನ್ ಲೂಯಿ ದುಮಾ ಅವರೊಡನೆ ಮಾತು ಬೆಳೆದು, ಜಗತ್ತಿನ ಅತಿ ಹೆಚ್ಚು ಹೊಟ್ಟೆಕಿಚ್ಚಿಗೆ ಗುರಿಯಾಗಿರುವ 1984ರ ‘ಬರ್ಕಿನ್’ ಬ್ಯಾಗಿನ ಚಿತ್ರ ಮೊದಲು ಮೂಡಿದ್ದು ವಿಮಾನದ ವಾಂತಿಚೀಲದ ಮೇಲೆ ಎಂದು ಆಕೆಯೇ ಹೇಳಿಕೊಂಡಿದ್ದರು. ಆಮೇಲೆ ತಮ್ಮ ಹೆಸರಿನ ಬ್ಯಾಗು ಕೈಗೆ ಬಂದಾಗ ಆಕೆ ಮಾಡಿದ್ದೇನು? ಅದಕ್ಕೆ ಸ್ಟಿಕ್ಕರು ಅಂಟಿಸಿದರು, ಮಣಿಸರ ನೇತುಹಾಕಿದರು, ಹೊಟ್ಟೆಬಿರಿಯುವಂತೆ ತುಂಬಿದರು. ಇದನ್ನು ಅಣ್ಣನ ಮಗಳಿಗೆ ಹೇಳಿದೆ. “ನಿಮ್ಮ ತೇಪೆಗೆ ಸಮರ್ಥನೆ ಸಿಕ್ಕಿತಲ್ಲ” ಎಂದಳು.

ತೀರ್ಮಾನ ಹೇಳುತ್ತೇನೆಂದು ಆರಂಭದಲ್ಲಿ ಮಾತು ಕೊಟ್ಟಿದ್ದೆ. ಹೋಲಿಕೆ ಇನ್ನೂ ನಡೆದಿದೆ. ಹೊರಗೆ ಹೊರಟಾಗ ಕಂದು ಬ್ಯಾಗನ್ನು ತೇಪೆಯ ಮುಖ ಮೈಗೆ ಆನುವಂತೆ ತಿರುಗಿಸಿ ಹಾಕಿಕೊಳ್ಳುತ್ತೇನೆ. ಜಿಪ್ಪು ಆ ಕಡೆಯೇ ಇರುವುದರಿಂದ ಪ್ರತಿ ಸಲವೂ ತಿರುಗಿಸಿಯೇ ತೆರೆಯಬೇಕು. ಪೊರೆ ಬಿಟ್ಟ ಕಪ್ಪು ಬ್ಯಾಗನ್ನು ಇನ್ನೂ ಎಸೆದಿಲ್ಲ. ಈ ಹುಡುಕಾಟದಲ್ಲಿ ಕೊಂಡು ಮನಸ್ಸಿಗೆ ಒಪ್ಪದೆ ಉಳಿದ ಮೂರು ಬ್ಯಾಗುಗಳನ್ನು ಇಡಲು ಅದೊಂದೇ ಸಾಕಷ್ಟು ದೊಡ್ಡದಾಗಿತ್ತು. ನಿನ್ನೆ ಅವನ್ನು ಹೊರತೆಗೆದು ನೋಡಿದೆ. ಮೂರರ ಮೇಲೂ ಕಪ್ಪು ಹೊಟ್ಟು ಇತ್ತು.