ದುಡ್ಡು ಸರ್ಕಾರದ್ದು, ಶಿಲುಬೆ ಚರ್ಚಿನದು

ಯುರೋಪಿನ ಕಲ್ಯಾಣ ರಾಜ್ಯದ ಮಾತು ಬಂದ ಕೂಡಲೇ ನಮ್ಮವರು ಎಲ್ಲವನ್ನೂ ಸಮಾಜವಾದಿಗಳ ಖಾತೆಗೆ ಬರೆದುಬಿಡುತ್ತಾರೆ. ಸ್ವೀಡನ್ನಿನ ಮಟ್ಟಿಗೆ ಅದು ಬಹುಪಾಲು ಸರಿ. ಜರ್ಮನಿಯ ಕಥೆಯೇ ಬೇರೆ.

ಅಲ್ಲಿ 1883ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆಯನ್ನೂ 1889ರಲ್ಲಿ ವೃದ್ಧಾಪ್ಯ ಪಿಂಚಣಿಯನ್ನೂ ತಂದ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಬಿಸ್ಮಾರ್ಕ್ ಸಮಾಜವಾದಿಗಳ ಕಡುವೈರಿ. 1878ರಲ್ಲಿ ಅವರ ಸಂಘಗಳನ್ನೇ ನಿಷೇಧಿಸಿದ್ದ. ಅದಕ್ಕೂ ಮೊದಲು ಕ್ಯಾಥೊಲಿಕ್ ಚರ್ಚಿನ ಮೇಲೆ ಬಿದ್ದು, ಪಾದ್ರಿಗಳನ್ನು ಜೈಲಿಗಟ್ಟಿ ಕೈಸುಟ್ಟುಕೊಂಡಿದ್ದ. ಕ್ಯಾಥೊಲಿಕರ ಸೆಂಟ್ರುಮ್ ಪಕ್ಷ ಅದರಿಂದ ಬಲಿಯಿತೇ ಹೊರತು ಬಗ್ಗಲಿಲ್ಲ. ಅಪಘಾತ ವಿಮೆಗೆ ಸಾಮ್ರಾಜ್ಯದ ಬೊಕ್ಕಸದಿಂದ ಹಣ ಕೊಡುವ ಅವನ ಯೋಜನೆಯನ್ನು ಸಂಸತ್ತಿನಲ್ಲಿ ತಡೆದವರಲ್ಲಿ ಈ ಪಕ್ಷವೂ ಇತ್ತು. ಬಡವರ ಆರೈಕೆ ಪೂರ್ತಿಯಾಗಿ ಸರ್ಕಾರದ ಕೈಗೆ ಹೋಗಬಾರದು ಎಂಬ ಕ್ಯಾಥೊಲಿಕರ ಹಠ ಅಂದಿನಿಂದಲೂ ಇದೆ.

ಚಿಕ್ಕ ಸಂಸ್ಥೆ ಮಾಡಬಲ್ಲದ್ದನ್ನು ದೊಡ್ಡದು ಕಸಿಯಬಾರದು ಎಂದು 1931ರಲ್ಲಿ ಪೋಪ್ ಹನ್ನೊಂದನೇ ಪಯಸ್ ಬರೆದರು. ಮೂವತ್ತು ವರ್ಷಗಳ ನಂತರ ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನಾವರ್ ಅವರ ಕ್ರೈಸ್ತ ಪ್ರಜಾಸತ್ತಾತ್ಮಕ ಪಕ್ಷ ಅದನ್ನೇ ಕಾನೂನು ಮಾಡಿತು: ಶಿಶುವಿಹಾರ ನಡೆಸಲು ಚರ್ಚು ಅಥವಾ ಬೇರೆ ಸೇವಾಸಂಸ್ಥೆ ಮುಂದೆ ಬಂದರೆ ನಗರಸಭೆ ತಾನೇ ಒಂದನ್ನು ತೆರೆಯುವಂತಿಲ್ಲ, ಹಣ ಮಾತ್ರ ಕೊಡಬೇಕು. ಕೆಲವು ನಗರಗಳು ನ್ಯಾಯಾಲಯಕ್ಕೆ ಹೋದವು. 1967ರಲ್ಲಿ ಸಂವಿಧಾನ ನ್ಯಾಯಾಲಯ ಚರ್ಚುಗಳ ಕಡೆಗೇ ವಾಲಿತು.

ಹೀಗಾಗಿ ಇಂದು ಸ್ಟುಟ್‌ಗಾರ್ಟಿನ ಕನ್ನಡದ ಮಗುವೊಂದು ನವೆಂಬರಿನಲ್ಲಿ ಕಾಗದದ ಲಾಂದ್ರ ಹಿಡಿದು ಸಂತ ಮಾರ್ಟಿನನ ಹಾಡು ಹಾಡುತ್ತಾ ಹೊರಟರೆ ಅಚ್ಚರಿಯಿಲ್ಲ. ಅಪ್ಪನ ಸಂಬಳದಲ್ಲಿ ಚರ್ಚು ತೆರಿಗೆ ಕಡಿತವಾಗದಿರಬಹುದು, ಅದು ಸದಸ್ಯರಿಗೆ ಮಾತ್ರ. ಆದರೆ ಅವನು ಕಟ್ಟುವ ಸಾಮಾನ್ಯ ತೆರಿಗೆಯೇ ಆ ಶಿಶುವಿಹಾರವನ್ನು ಸಾಕುತ್ತದೆ.

ಇದರಲ್ಲಿ ನನಗೆ ತಕರಾರಿಲ್ಲ. ಕಾರಿತಾಸ್, ಡಿಯಾಕೊನಿ ಎಂಬ ಎರಡು ಚರ್ಚು ಸಂಸ್ಥೆಗಳ ನೌಕರರೇ ಹತ್ತು ಲಕ್ಷ ಮೀರುತ್ತಾರೆ, ಕೆಲಸವೂ ಅಚ್ಚುಕಟ್ಟು. ತಕರಾರಿರುವುದು ಯಜಮಾನಿಕೆಯ ಬಗ್ಗೆ. ವಿಚ್ಛೇದನದ ನಂತರ ಮರುಮದುವೆಯಾದ ಎಂಬ ಕಾರಣಕ್ಕೆ ಕ್ಯಾಥೊಲಿಕ್ ಆಸ್ಪತ್ರೆಯೊಂದು 2009ರಲ್ಲಿ ಕ್ಯಾಥೊಲಿಕನೇ ಆದ ಮುಖ್ಯ ವೈದ್ಯನನ್ನು ವಜಾ ಮಾಡಿತು. ಅದೇ ಹುದ್ದೆಯಲ್ಲಿ ಪ್ರಾಟೆಸ್ಟಂಟ್ ವೈದ್ಯನಿದ್ದಿದ್ದರೆ ಕೆಲಸ ಉಳಿಯುತ್ತಿತ್ತು! ಯುರೋಪಿನ ನ್ಯಾಯಾಲಯದವರೆಗೂ ಅಲೆದು, ವಜಾಗೊಂಡಿದ್ದ ವೈದ್ಯ 2019ರಲ್ಲಿ ಗೆದ್ದ. ಹತ್ತು ವರ್ಷ.

ಹೆಂಗಸರ ವಿಷಯದಲ್ಲಂತೂ ಕ್ರೈಸ್ತ ಪಕ್ಷ ಮತ್ತು ಚರ್ಚು ಒಂದೇ ರಾಗ ಎಳೆದಿದ್ದೇ ಹೆಚ್ಚು: ಗಂಡ ದುಡಿಯಲಿ, ತಾಯಿ ಮನೆಯಲ್ಲಿರಲಿ. 2013ರ ಆಗಸ್ಟ್ 1ರಂದು ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದ ಹಕ್ಕು ಸಿಕ್ಕಿತು. ಅದೇ ದಿನ, ಅದನ್ನು ಬಳಸದ ತಂದೆತಾಯಿಗೆ ತಿಂಗಳಿಗೆ 100 ಯೂರೋ ಕೊಡುವ ಕಾನೂನೂ ಜಾರಿಯಾಯಿತು. ಬವೇರಿಯಾದ ಕ್ರೈಸ್ತ ಪಕ್ಷ ಪಟ್ಟು ಹಿಡಿದು ಮಾಡಿಸಿದ್ದು. 2015ರಲ್ಲಿ ನ್ಯಾಯಾಲಯ ರದ್ದುಪಡಿಸಿದಾಗ, ಬವೇರಿಯಾ ಅದನ್ನು ತನ್ನದೇ ಬೊಕ್ಕಸದಿಂದ ಮುಂದುವರಿಸಿತು.