ಸೆವೆಲ್ ಊರು ರಾತ್ರೋರಾತ್ರಿ ಖಾಲಿಯಾಗಿದ್ದಲ್ಲ: ಒಂದು ಸ್ಪಷ್ಟನೆ

ಚಿಲಿ ದೇಶದ ಆಂಡಿಸ್ ಪರ್ವತದ ಮೇಲಿರುವ ಸೆವೆಲ್ ಊರಿನ ಫೋಟೊ ಜೊತೆ ಒಂದು ಸಂದೇಶ ಓಡಾಡುತ್ತಿದೆ: '1945ರಲ್ಲಿ ಗಣಿ ಕುಸಿದು 355 ಜನ ಸತ್ತರು, ಉಳಿದವರು ರಾತ್ರೋರಾತ್ರಿ ಊರು ಬಿಟ್ಟರು.' ಮೊನ್ನೆ ನಾನೂ ಇದನ್ನು ಹಂಚಿದ್ದೆ. ತಪ್ಪಾಯಿತು, ಕ್ಷಮಿಸಿ.

355 ಕಾರ್ಮಿಕರು ಸತ್ತದ್ದು ನಿಜ. ಆದರೆ ಗಣಿ ಕುಸಿದಿರಲಿಲ್ಲ. 1945ರ ಜೂನ್ 19ರಂದು ಎಲ್ ತೆನಿಯೆಂತೆ ತಾಮ್ರದ ಗಣಿಯ ಬಾಯಿಯ ಬಳಿ ಹೊತ್ತಿದ ಬೆಂಕಿಯ ಹೊಗೆ ಸುರಂಗಗಳಿಗೆ ನುಗ್ಗಿತು. ಕಾರ್ಬನ್ ಮೊನಾಕ್ಸೈಡ್ ಅವರ ಜೀವ ತೆಗೆಯಿತು. ಅಷ್ಟು ಜನರ ಸಾವಿನ ಕಾರಣವನ್ನಾದರೂ ನಾವು ಸರಿಯಾಗಿ ಹೇಳಬೇಕು.

ಊರು ಖಾಲಿಯಾದದ್ದು ಬಹಳ ವರ್ಷಗಳ ನಂತರ. 1905ರಲ್ಲಿ ಬ್ರೇಡನ್ ಕಾಪರ್ ಕಂಪನಿ ಕಟ್ಟಿಸಿದ ಸೆವೆಲ್‌ನಲ್ಲಿ ಒಂದು ಕಾಲಕ್ಕೆ 15,000 ಜನರಿದ್ದರು. ಎಷ್ಟು ಕಡಿದಾದ ಜಾಗವೆಂದರೆ, ರೈಲು ನಿಲ್ದಾಣದಿಂದ ಮೇಲಕ್ಕೇರುವ ದೊಡ್ಡ ಮೆಟ್ಟಿಲಸಾಲೇ ಅಲ್ಲಿನ ಮುಖ್ಯ ಬೀದಿ. ಅದರ ಅಕ್ಕಪಕ್ಕದಲ್ಲಿ ಬಣ್ಣ ಬಳಿದ ಮರದ ಕಟ್ಟಡಗಳು. ಕಾರ್ಮಿಕರ ಕುಟುಂಬಗಳನ್ನು ಹಂತಹಂತವಾಗಿ ಕೆಳಗಿನ ರಾಂಕಾಗ್ವಾ ನಗರಕ್ಕೆ ಸ್ಥಳಾಂತರಿಸಲಾಯಿತು. 2006ರಲ್ಲಿ ಸೆವೆಲ್ ಅನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ ಯುನೆಸ್ಕೊ ವಿವರಣೆಯಲ್ಲೂ, ಊರು ಬಹುಪಾಲು ತೆರವಾದದ್ದು 1970ರ ದಶಕದಲ್ಲಿ ಎಂದೇ ಇದೆ. ಗಣಿಯಂತೂ ಆ ಮೇಲೂ ಮುಚ್ಚಲಿಲ್ಲ.

ಹಳೆಯ ಸಂದೇಶ ನಿಮ್ಮ ಗುಂಪುಗಳಿಗೆ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಕಳಿಸಿದ್ದರೆ ಅಳಿಸಿಬಿಡಿ.